ಹೊಸದಾಗಿ ಡ್ಯೂಟಿಗೆ ಸೇರಿದ ನರ್ಸ್‌ಗಳಿಗೆ: ಮೊದಲ ವರ್ಷ ದಾಟುವುದು ಹೇಗೆ?

“ಅಕ್ಕ, ಸೋಮವಾರದಿಂದ ನೈಟ್ ಡ್ಯೂಟಿ ಹಾಕಿದ್ದಾರೆ. ಇಡೀ ವಾರ್ಡಿಗೆ ನಾನೊಬ್ಬಳೇ. ಈಗಲೇ ಎದೆ ಹೊಡ್ಕೊಳ್ತಾ ಇದೆ. ಏನೇನು ನೋಡ್ಕೋಬೇಕು ಹೇಳಿ.”

ಕುಮಟಾ, ಶಿರಸಿ, ಯಲ್ಲಾಪುರ, ಎಲ್ಲಿಂದ ಫೋನ್ ಬಂದರೂ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾನು 31 ವರ್ಷ ಈ ಉತ್ತರ ಕನ್ನಡ ಜಿಲ್ಲೆಯ ಆಸ್ಪತ್ರೆಗಳಲ್ಲೇ ಕೆಲಸ ಮಾಡಿದವಳು. ಜಾಸ್ತಿ ವರ್ಷ ಹೆರಿಗೆ ವಾರ್ಡು, ಆಮೇಲೆ ತುರ್ತು ಚಿಕಿತ್ಸೆ. ಈಗ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಎಂದಾಗಿದೆ. ರೋಗಿಗಳ ಬಾಯಲ್ಲಿ ಮಾತ್ರ ನೀವು ಇವತ್ತಿಗೂ ಸಿಸ್ಟರ್, ಹುಡುಗರಾದರೆ ಬ್ರದರ್.

ಮೊದಲೇ ಒಂದು ಮಾತು. ಬೆಂಗಳೂರಿನಲ್ಲಿ ರೋಗಿಯ ಸ್ಥಿತಿ ಕೆಟ್ಟರೆ ಮೇಲಿನ ಮಹಡಿಯ ಐಸಿಯುಗೆ ಕಳಿಸುತ್ತಾರೆ. ನಮ್ಮಲ್ಲಿ ಹಲವು ಸಲ ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾದ ಬಾಂಬೋಳಿಗೋ ಕಳಿಸಬೇಕು. ದಾರಿಯಲ್ಲೇ ಎರಡು ಮೂರು ಗಂಟೆ ಹೋಗುತ್ತದೆ. ಅಂದರೆ ರೋಗಿ ಹದಗೆಡುತ್ತಿರುವುದು ಬೇರೆ ಊರಿನ ನರ್ಸ್‌ಗಿಂತ ನಮಗೆ ಎರಡು ಮೂರು ಗಂಟೆ ಮೊದಲೇ ಗೊತ್ತಾಗಬೇಕು. ಮುಂದೆ ಬರೆದಿರುವುದೆಲ್ಲ ಅದಕ್ಕಾಗಿಯೇ.

1. ಸೇರುವ ಮೊದಲು

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಆಗಲಿ, ಬಿಎಸ್ಸಿ ನರ್ಸಿಂಗ್ ಆಗಲಿ, ಕೋರ್ಸ್ ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಲೇಬೇಕು. ನೋಂದಣಿ ಇಲ್ಲದೆ ರೋಗಿಯನ್ನು ಮುಟ್ಟಬೇಡಿ. ನವೀಕರಣದ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸರ್ಟಿಫಿಕೇಟ್‌ಗಳ ಜೆರಾಕ್ಸ್ ಕೊಡಿ, ಮೂಲಪ್ರತಿ ತೋರಿಸಿ ವಾಪಸ್ ತನ್ನಿ. “ಎರಡು ವರ್ಷ ಇಲ್ಲೇ ಇಟ್ಕೋತೀವಿ” ಎಂದರೆ ಒಪ್ಪಬೇಡಿ. ಆಮೇಲೆ ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಾಗ ಅದನ್ನು ಬಿಡಿಸಿಕೊಳ್ಳಲು ಅಲೆದಾಡಿದ ಹುಡುಗಿಯರನ್ನು ಕಂಡಿದ್ದೇನೆ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮುಗಿದ ಒಂದೆರಡು ತಿಂಗಳಿಗೆ ರಕ್ತದಲ್ಲಿ ರಕ್ಷಣೆ ಬಂದಿದೆಯೋ ಇಲ್ಲವೋ ಪರೀಕ್ಷೆ ಮಾಡಿಸಿ. ಮೂರನೇ ಡೋಸ್ ಮರೆಯುವವರೇ ಜಾಸ್ತಿ.

2. ಮೊದಲ ವಾರ: ವಸ್ತುಗಳ ಗುರುತು

ಮೊದಲ ವಾರ ರೋಗಿಗಳ ಜೊತೆಗೆ ವಾರ್ಡನ್ನೂ ಕಲಿಯಿರಿ. ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧಗಳ ಗಾಡಿ, ಎಲ್ಲಿದೆ? ಅಡ್ರಿನಲಿನ್ ಯಾವ ಡ್ರಾಯರ್‌ನಲ್ಲಿದೆ? ಆಂಬು ಬ್ಯಾಗ್‌ಗೆ, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲಕ್ಕೆ, ಮಾಸ್ಕ್ ಸಿಕ್ಕಿಸಿಟ್ಟಿದ್ದಾರಾ, ಮಕ್ಕಳ ಸೈಜ್ ಇದೆಯಾ? ಸಕ್ಷನ್ ಮಿಷನ್ ಓಡುತ್ತದೆಯಾ? ಗಂಟಲೊಳಗೆ ನೋಡುವ ಲ್ಯಾರಿಂಜೋಸ್ಕೋಪ್ ಬಲ್ಬ್ ಹೊತ್ತುತ್ತದೆಯಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಜನರೇಟರ್ ಶುರುವಾಗುವವರೆಗೆ ಟಾರ್ಚ್ ಎಲ್ಲಿದೆ ಅಂತ ಕತ್ತಲಲ್ಲಿ ಹುಡುಕುವಂತಾಗಬಾರದು.

ಕಣ್ಣಲ್ಲಿ ನೋಡಿದರೆ ಸಾಲದು, ಒಂದೊಂದನ್ನೂ ಕೈಯಿಂದ ಮುಟ್ಟಿ, ತೆರೆದು, ಜೋಡಿಸಿ ನೋಡಿ. ಪ್ರತಿ ಪಾಳಿಯ ಶುರುವಿನಲ್ಲಿ ಐದು ನಿಮಿಷದ ಕೆಲಸ.

ಕಸದ ಬಣ್ಣಗಳನ್ನೂ ಈ ವಾರವೇ ಕಲಿತುಬಿಡಿ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಸೆಟ್, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿಯ ಗಟ್ಟಿ ಡಬ್ಬಿಗೆ. ಗಾಜಿನ ಬಾಟಲಿ, ಆಂಪ್ಯೂಲ್ ನೀಲಿಗೆ. ನೀವು ತಪ್ಪಾಗಿ ಹಾಕಿದ ಸೂಜಿ ಚುಚ್ಚುವುದು ಬೆಳಿಗ್ಗೆ ಕಸ ಒಯ್ಯಲು ಬರುವ ಆಯಾಳ ಕೈಗೆ.

3. ಪಾಳಿ ವಹಿಸಿಕೊಳ್ಳುವುದು

ಹ್ಯಾಂಡೋವರ್ ಎಂದರೆ ಹಿಂದಿನ ಪಾಳಿಯವರು ರೋಗಿಗಳನ್ನು ನಿಮಗೆ ಒಪ್ಪಿಸುವುದು. ಟೇಬಲ್ ಹತ್ತಿರ ಕೂತು ಮಾಡಬೇಡಿ, ಹಾಸಿಗೆಯಿಂದ ಹಾಸಿಗೆಗೆ ನಡೆದು ಮಾಡಿ. ಒಪ್ಪಿಸುವವರಿಗೆ ಬಸ್ಸಿನ ಅವಸರ ಇರುತ್ತದೆ, ನಿಜ. ಆದರೂ ಹತ್ತು ನಿಮಿಷ ಕೇಳಿ.

ಪ್ರತಿ ಹಾಸಿಗೆಯಲ್ಲೂ ಡ್ರಿಪ್ ಎಷ್ಟು ಉಳಿದಿದೆ, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿದ ಕೈ ಊದಿದೆಯಾ, ಮೂತ್ರದ ಚೀಲದಲ್ಲಿ ಎಷ್ಟಿದೆ, ಯಾವ ಔಷಧ ಬಾಕಿ, ಯಾವ ರಿಪೋರ್ಟ್ ಬರಬೇಕು ಎಂದು ನೋಡಿಕೊಳ್ಳಿ. ಕೊನೆಗೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: “ಇವತ್ತು ಯಾರ ಮೇಲೆ ನಿಮಗೆ ಅನುಮಾನ ಇದೆ?” ಎಂಟು ಗಂಟೆ ನೋಡಿದವರಿಗೆ ಕೇಸ್‌ಶೀಟಿನಲ್ಲಿ ಇಲ್ಲದ್ದೂ ಗೊತ್ತಿರುತ್ತದೆ.

4. ಔಷಧ ಕೊಡುವುದು

ಕಾಲೇಜಿನಲ್ಲಿ ಐದು ‘ಸರಿ’ ಕಲಿತಿದ್ದೀರಿ: ಸರಿಯಾದ ರೋಗಿ, ಔಷಧ, ಪ್ರಮಾಣ, ದಾರಿ, ಹೊತ್ತು. ಎಡವುವುದು ಮೊದಲನೆಯದರಲ್ಲೇ. ಶಿರಸಿಯ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಗಣಪತಿ ಹೆಗಡೆ ಇರುತ್ತಾರೆ. ಹೊನ್ನಾವರದಲ್ಲಿ ಮಂಜುನಾಥ ನಾಯ್ಕ ಎಂದರೆ ಮೂವರು ತಿರುಗಿ ನೋಡುತ್ತಾರೆ. “ನೀವು ಗಣಪತಿ ಹೆಗಡೆಯವರಾ?” ಎಂದು ಕೇಳಲೇಬೇಡಿ. ಕಿವಿ ಮಂದವಾದ ಅಜ್ಜ ಏನು ಕೇಳಿದರೂ “ಹ್ಞಾಂ” ಅನ್ನುತ್ತಾರೆ. “ನಿಮ್ಮ ಹೆಸರು ಹೇಳಿ, ಯಾವ ಊರು?” ಎಂದು ಕೇಳಿ, ಅವರ ಬಾಯಿಂದಲೇ ಬರಲಿ. ಆಮೇಲೆ ಐಪಿ ನಂಬರ್, ಅಂದರೆ ಒಳರೋಗಿ ಸಂಖ್ಯೆ, ತಾಳೆ ನೋಡಿ.

ಇನ್ಸುಲಿನ್ ಬಗ್ಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸಿಗುವ ವಯಲ್‌ಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟ್‌ನವು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಸಿರಿಂಜ್‌ಗಳೂ ಎರಡು ತರ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಏನಾಗುತ್ತದೆ? ಅದು ಅರ್ಧ ಎಂಎಲ್. ಒಳಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ರಾತ್ರಿ ಸಕ್ಕರೆ ಇಳಿದು ರೋಗಿ ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ, ಪಕ್ಕದವರಿಗೆ ನಿದ್ದೆ ಮಾಡಿದ ಹಾಗೆ ಕಾಣುತ್ತದೆ. ಉಲ್ಟಾ ಮಾಡಿದರೆ 20ರ ಬದಲು 8 ಯೂನಿಟ್ ಮಾತ್ರ ಹೋಗುತ್ತದೆ. ವಯಲ್ ಮೇಲಿನ ನಂಬರ್, ಸಿರಿಂಜ್ ಮೇಲಿನ ನಂಬರ್ ಎರಡನ್ನೂ ಬಾಯಿಬಿಟ್ಟು ಓದಿ. ಊಟದ ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ.

ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಎಂದೂ ನೇರವಾಗಿ ರಕ್ತನಾಳಕ್ಕೆ ಕೊಡಬೇಡಿ. ಹೃದಯ ನಿಂತುಹೋಗುತ್ತದೆ. ಡ್ರಿಪ್‌ನಲ್ಲಿ ಬೆರೆಸಿ, ಬಾಟಲಿಯನ್ನು ಚೆನ್ನಾಗಿ ತಿರುವಿ, ನಿಧಾನಕ್ಕೆ. ಅದನ್ನು ಬೇರೆ ಆಂಪ್ಯೂಲ್‌ಗಳ ಜೊತೆ ಒಂದೇ ಟ್ರೇಯಲ್ಲಿ ಇಡಲೂಬೇಡಿ.

ಹನಿಗಳ ಲೆಕ್ಕ ಸುಲಭ. ಎಂಎಲ್ ಅನ್ನು ಸೆಟ್ಟಿನ ಹನಿಸಂಖ್ಯೆಯಿಂದ ಗುಣಿಸಿ, ಒಟ್ಟು ನಿಮಿಷದಿಂದ ಭಾಗಿಸಿ. 500 ಎಂಎಲ್, 8 ಗಂಟೆ, ಒಂದು ಎಂಎಲ್‌ಗೆ 20 ಹನಿಯ ಸೆಟ್ ಎಂದರೆ ನಿಮಿಷಕ್ಕೆ 21 ಹನಿ. ಸೆಟ್ಟಿನ ಕವರ್ ಮೇಲೆ ಹನಿಸಂಖ್ಯೆ ಅಚ್ಚಾಗಿರುತ್ತದೆ, ಓದಿ. ಮೈಕ್ರೋ ಸೆಟ್ ಆದರೆ 60.

ತಪ್ಪಾದರೆ? ಮುಚ್ಚಿಡಬೇಡಿ. ಆ ಕ್ಷಣವೇ ಡಾಕ್ಟರಿಗೆ ಹೇಳಿ. ಬೈಗುಳ ಬರಬಹುದು, ಆದರೆ ರೋಗಿಗೆ ಆಗಬೇಕಾದ ಪರಿಹಾರಕ್ಕೆ ಹೊತ್ತು ಸಿಗುತ್ತದೆ.

5. ರೋಗಿ ಹದಗೆಡುತ್ತಿರುವುದನ್ನು ಹಿಡಿಯುವುದು

ಇದು ಎಲ್ಲಕ್ಕಿಂತ ಮುಖ್ಯ. ನಿಧಾನಕ್ಕೆ ಓದಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೆರಿಗೆಯಾಗಿ ಎರಡು ತಾಸಾಗಿದ್ದ ಬಾಣಂತಿ ಸುಮ್ನೆ ಹೊರಳಾಡುತ್ತಿದ್ದಳು. “ಸಿಸ್ಟರ್, ಏನೋ ಆಗ್ತಾ ಇದೆ” ಎಂದಳು. ಬಿಪಿ ನೋಡಿದೆ, 110 ಇತ್ತು. “ಸುಸ್ತಿಗೆ ಹಾಗಾಗುತ್ತೆ, ಮಲಕ್ಕೋ ತಂಗಿ” ಎಂದು ಚಾದರ ಹೊದಿಸಿ ಬಂದೆ. ಇಪ್ಪತ್ತು ನಿಮಿಷದ ಮೇಲೆ ಹಿರಿಯ ಸಿಸ್ಟರ್ ಬಂದು ಮೊದಲು ಮಾಡಿದ್ದು ಆ ಚಾದರ ಎತ್ತಿದ್ದು. ಮೇಲಿನ ಪ್ಯಾಡ್ ಅಷ್ಟೇನೂ ನೆನೆದಿರಲಿಲ್ಲ. ಅವರು ಸೊಂಟದ ಕೆಳಗೆ ಅಂಗೈ ತೂರಿಸಿ ಹೊರತೆಗೆದರು. ಮಣಿಕಟ್ಟಿನವರೆಗೆ ರಕ್ತ. ಬೆನ್ನಿನ ಕೆಳಗೆ ರಬ್ಬರ್ ಶೀಟಿನ ಮೇಲೆ ಹೆಪ್ಪುಗಟ್ಟಿ ನಿಂತಿತ್ತು. ಆ ತಾಯಿ ಉಳಿದಳು. ಆ ಅಂಗೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಲ್ಲಿಂದ ನಾನು ಕಲಿತದ್ದು ಇಷ್ಟು.

ಬಿಪಿ ಕೊನೆಗೆ ಬೀಳುತ್ತದೆ. ಅದಕ್ಕೂ ಮೊದಲು ನಾಡಿ ಏರುತ್ತದೆ, ಉಸಿರು ಜೋರಾಗುತ್ತದೆ, ಚಡಪಡಿಕೆ ಶುರುವಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ದಾಟಿತು ಎಂದರೆ ಒಂದು ನಿಮಿಷವೂ ಕಾಯಬೇಡಿ.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಲ್ಲರ ಚಾರ್ಟಿನಲ್ಲೂ 18, 20 ಎಂದು ಬರೆದಿರುವುದನ್ನು ನೋಡಿದರೆ ಯಾರೂ ಎಣಿಸಿಲ್ಲ ಅಂತಲೇ ಅರ್ಥ. ದೊಡ್ಡವರಲ್ಲಿ 25 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ತುರ್ತು.

ಮೂತ್ರ ಗಂಟೆಗೆ ಒಂದು ಕಿಲೋ ತೂಕಕ್ಕೆ ಅರ್ಧ ಎಂಎಲ್ ಆದರೂ ಬರಬೇಕು. 60 ಕಿಲೋದವರಿಗೆ 30 ಎಂಎಲ್. ಚೀಲ ಖಾಲಿ ಕಂಡರೆ ಮೊದಲು ನಳಿಕೆ ಮಡಚಿಕೊಂಡಿದೆಯಾ ನೋಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ದಪ್ಪ ಮದರಂಗಿಯ ಮೇಲೆ, ಉಗುರುಬಣ್ಣದ ಮೇಲೆ, ತಣ್ಣಗಿನ ಬೆರಳಿನ ಮೇಲೆ ಮೋಸ ಮಾಡುತ್ತದೆ. ಬೆರಳು ಬದಲಿಸಿ, ಇಲ್ಲವೇ ಕಿವಿಹಾಲೆಗೆ ಹಾಕಿ.

ರೋಗಿ “ಏನೋ ಆಗ್ತಾ ಇದೆ” ಎಂದರೆ, ಅಥವಾ ತಾಯಿ “ನನ್ನ ಮಗು ಯಾವತ್ತಿನ ಹಾಗಿಲ್ಲ” ಎಂದರೆ, ಅದನ್ನೂ ಒಂದು ಲಕ್ಷಣ ಎಂದೇ ಬರೆಯಿರಿ. ಹೊದಿಕೆ ಎತ್ತಿ ನೋಡಿ.

6. ಡಾಕ್ಟರಿಗೆ ಫೋನ್ ಮಾಡುವುದು

ರಾತ್ರಿ ಎರಡಕ್ಕೆ ಫೋನ್ ಮಾಡಲು ಹೆದರುತ್ತೀರಿ, ಅಲ್ವಾ? “ಸರ್, ಪೇಷಂಟ್ ಯಾಕೋ ಸರಿ ಇಲ್ಲ” ಎಂದಷ್ಟೇ ಹೇಳಿದರೆ ಅವರೂ ರೇಗುತ್ತಾರೆ. ಫೋನ್ ಎತ್ತುವ ಮೊದಲು ಕೇಸ್‌ಶೀಟ್ ಎದುರಿಗಿರಲಿ, ಹೊಸದಾಗಿ ನೋಡಿದ ನಾಡಿ, ಬಿಪಿ, ಉಸಿರು ಬರೆದಿರಲಿ. ನಾನು ಯಾರು, ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು ಎಂಬ ಕ್ರಮದಲ್ಲಿ ಹೇಳಿ. ಪುಸ್ತಕದಲ್ಲಿ ಇದಕ್ಕೆ ಐಎಸ್‌ಬಿಎಆರ್ ಎನ್ನುತ್ತಾರೆ. ಹೀಗೆ:

“ಸರ್, ಹೆರಿಗೆ ವಾರ್ಡಿನ ಸಿಸ್ಟರ್ ಮಾತಾಡ್ತಿದ್ದೇನೆ. 6ನೇ ಹಾಸಿಗೆಯವರಿಗೆ ಈಗ ನಾಡಿ 118, ಬಿಪಿ 100/60, ಎರಡು ಪ್ಯಾಡ್ ಪೂರ್ತಿ ನೆನೆದಿದೆ. ಎರಡನೇ ಹೆರಿಗೆ, 11.20ಕ್ಕೆ ಆಗಿದ್ದು. ಗರ್ಭಕೋಶ ಮೆತ್ತಗಿದೆ. ಪಿಪಿಎಚ್, ಹೆರಿಗೆ ನಂತರದ ರಕ್ತಸ್ರಾವ ಅನ್ನಿಸ್ತಿದೆ. ಮಸಾಜ್ ಶುರು ಮಾಡಿದ್ದೇನೆ, ಡ್ರಿಪ್ ಹಾಕಿದ್ದೇನೆ. ನೀವು ಈಗಲೇ ಬರಬೇಕು.”

ಕೊನೆಯ ವಾಕ್ಯ ಬಿಡಬೇಡಿ. ಫೋನ್‌ನಲ್ಲಿ ಹೇಳಿದ ಔಷಧವನ್ನು, ಪ್ರಮಾಣವನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ, ಗಂಟೆ ಹಾಕಿ ಬರೆಯಿರಿ, ಬಂದ ಮೇಲೆ ಸಹಿ ಹಾಕಿಸಿ. ಹತ್ತು ನಿಮಿಷಕ್ಕೆ ಯಾರೂ ಬರದಿದ್ದರೆ ಮತ್ತೆ ಮಾಡಿ, ಮೇಲಿನವರಿಗೂ ಮಾಡಿ. ರೋಗಿ ಉಳಿಯುವುದು ಮುಖ್ಯ, ಯಾರಿಗೆ ನಿದ್ದೆ ಕೆಟ್ಟಿತು ಎಂಬುದಲ್ಲ.

7. ನಮ್ಮ ನೆಲದ ಕೇಸುಗಳು

ಹಾವು ಕಚ್ಚಿದವರು. ಅಡಿಕೆ ತೋಟ, ಗದ್ದೆ, ಬೆಟ್ಟ ಎಂದಮೇಲೆ ಇದು ಬಂದೇ ಬರುತ್ತದೆ. ಹೆಚ್ಚಿನವರು ಪಂಚೆಯ ಚೂರನ್ನೋ ಬಳ್ಳಿಯನ್ನೋ ಬಿಗಿದು ಕಟ್ಟಿಕೊಂಡು ಬರುತ್ತಾರೆ. ಅದನ್ನು ಬಂದ ತಕ್ಷಣ ಫಟ್ಟನೆ ಕತ್ತರಿಸಬೇಡಿ. ಒಮ್ಮೆಲೇ ವಿಷ ಮೇಲೇರಬಹುದು. ಡ್ರಿಪ್ ಹಾಕಿ, ಡಾಕ್ಟರು ಎದುರಿಗಿರುವಾಗ ಬಿಚ್ಚಿ.

ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು 20 ನಿಮಿಷದ ಪರೀಕ್ಷೆ ಇದೆ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಓರೆ ಮಾಡಿ. ನೀರಿನಂತೆ ಹರಿದರೆ ವಿಷ ಏರಿದೆ. ಎರಡು ಕಡೆ ತಪ್ಪಾಗುತ್ತದೆ. ಪ್ಲಾಸ್ಟಿಕ್ ನಳಿಕೆ ಬಳಸುವುದು, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ನಳಿಕೆ ಬಳಸುವುದು. ಎರಡರಲ್ಲೂ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ನಡುನಡುವೆ ಎತ್ತಿ ನೋಡುವ ಚಪಲವೂ ಬೇಡ.

ಕಟ್ಟುಹಾವಿನ ಗುರುತು ಬೇರೆ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾರೆ. ಕಚ್ಚಿದ ಗಾಯವೇ ಕಾಣುವುದಿಲ್ಲ. ಕಣ್ಣಿನ ರೆಪ್ಪೆ ಜೋತುಬಿದ್ದಿದೆಯಾ, ಕತ್ತು ಎತ್ತಲು ಆಗುತ್ತದೆಯಾ ನೋಡಿ. ಆಂಬು ಬ್ಯಾಗ್ ಪಕ್ಕದಲ್ಲೇ ಇರಲಿ.

ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಪುಡಿಯಾಗಿದ್ದರೆ ನೀರು ಬೆರೆಸಿ ಮೆಲ್ಲಗೆ ತಿರುಗಿಸಿ. ಕುಲುಕಿದರೆ ನೊರೆ ಬರುತ್ತದೆ. ಶುರು ಮಾಡುವ ಮೊದಲೇ ಅಡ್ರಿನಲಿನ್ ಸಿರಿಂಜ್‌ನಲ್ಲಿ ಎಳೆದಿಟ್ಟು ಹೆಸರು ಅಂಟಿಸಿಡಿ. ಮೊದಲ ಅರ್ಧ ಗಂಟೆ ಹಾಸಿಗೆಯ ಪಕ್ಕದಿಂದ ಕದಲಬೇಡಿ. ತುರಿಕೆ, ದದ್ದು, ನಡುಕ, ಕೆಮ್ಮು ಬಂದರೆ ಹನಿ ನಿಲ್ಲಿಸಿ, ಕೂಗಿ ಕರೆಯಿರಿ.

ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಚಳಿಗಾಲದಿಂದ ಬೇಸಿಗೆಯ ಕೊನೆವರೆಗೆ ಒಮ್ಮೆಲೇ ಬಂದ ಜ್ವರ, ತಲೆ ಸಿಡಿತ ಎಂದು ಬಂದರೆ ಕೇಳಿ: ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗಿದ್ರಾ? ಉಣುಗು (ಉಣ್ಣೆ ಹುಳ) ಕಚ್ಚಿತ್ತಾ? ಊರ ಹತ್ತಿರ ಮಂಗ ಸತ್ತಿತ್ತಾ? ಉತ್ತರವನ್ನು ಕೇಸ್‌ಶೀಟಿನಲ್ಲಿ ಬರೆಯಿರಿ. ಆಸ್ಪಿರಿನ್ ಜಾತಿಯ ಮಾತ್ರೆ ಕೊಡಬಾರದು, ರಕ್ತಸ್ರಾವ ಹೆಚ್ಚಾಗುತ್ತದೆ. ಜ್ವರ ಬಿಟ್ಟಿತೆಂದು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರಕ್ಕೆ ಮತ್ತೆ ಜ್ವರ ಬಂದು ಮಿದುಳಿಗೆ ತಾಗುತ್ತದೆ. ಡಿಸ್ಚಾರ್ಜ್ ಮಾಡುವಾಗ ಅದನ್ನು ಬಿಡಿಸಿ ಹೇಳಿ.

ಇಲ್ಲೇ ಕವಳದ, ಅಂದರೆ ಎಲೆಅಡಿಕೆಯ, ಮಾತೂ ಹೇಳಿಬಿಡುತ್ತೇನೆ. ನಮ್ಮ ಕಡೆ ಕವಳ ಹಾಕದ ಹಿರಿಯರು ಕಡಿಮೆ. ಒಸಡಿನಿಂದ ರಕ್ತ ಬರುತ್ತಿದೆಯಾ ನೋಡಬೇಕಾದರೆ ಮೊದಲು ಬಾಯಿ ಮುಕ್ಕಳಿಸಲು ಹೇಳಿ, ಬಿಳಿ ಗಾಜ್ ಬಟ್ಟೆಯಲ್ಲಿ ಒತ್ತಿ ನೋಡಿ. ಕೆಂಪು ವಾಂತಿ ಕಂಡು ಗಾಬರಿಯಾದವರೂ ಇದ್ದಾರೆ, ಕವಳ ಎಂದು ನಿಜವಾದ ರಕ್ತವನ್ನು ಬಿಟ್ಟವರೂ ಇದ್ದಾರೆ. ಎರಡನೆಯದು ಅಪಾಯ.

8. ದೊಡ್ಡಾಸ್ಪತ್ರೆಗೆ ಕಳಿಸುವುದು

ಆಂಬುಲೆನ್ಸಿನಲ್ಲಿ ನೀವು ಜೊತೆಗೆ ಹೋಗಬೇಕಾದರೆ ಆಕ್ಸಿಜನ್ ಲೆಕ್ಕ ನೀವೇ ಮಾಡಿ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ, ಎರಡೂವರೆ ಗಂಟೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಒಂದು ಕಡೆ ಟ್ರಾಫಿಕ್ ನಿಂತರೂ ಸಾಕು, ಊರು ಮುಟ್ಟುವ ಮೊದಲೇ ಖಾಲಿ. ಇನ್ನೊಂದು ಸಿಲಿಂಡರ್ ಇಲ್ಲದೆ ಹತ್ತಬೇಡಿ, ಅದರ ಮೀಟರ್ ಮುಳ್ಳನ್ನೂ ನೋಡಿಯೇ ಹತ್ತಿ.

ಮಳೆಗಾಲದಲ್ಲಿ ಹೊರಡುವ ಮುಂಚೆ ದಾರಿ ತೆರೆದಿದೆಯಾ ವಿಚಾರಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ದೇವಿಮನೆ ಘಟ್ಟದ ಸ್ಥಿತಿಯನ್ನೂ ಡ್ರೈವರಣ್ಣನ ಹತ್ತಿರ ಕೇಳಿ.

ಎರಡು ಕೈಗೂ ಕ್ಯಾನುಲಾ ಇರಲಿ, ಗಟ್ಟಿಯಾಗಿ ಅಂಟಿಸಿರಲಿ. ಘಟ್ಟದ ತಿರುವಿನಲ್ಲಿ ಹೊಸದಾಗಿ ಹಾಕಲು ಆಗುವುದಿಲ್ಲ. ರೆಫರಲ್ ಚೀಟಿಯಲ್ಲಿ ಕೊಟ್ಟ ಔಷಧ, ಕೊಟ್ಟ ಗಂಟೆ ಎರಡೂ ಇರಲಿ. ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿಸಿಯೇ ಹೊರಡಿ.

9. ರೋಗಿಯ ಭಾಷೆ, ರೋಗಿಯ ಊಟ

ಕಾರವಾರ, ಅಂಕೋಲಾ ಕಡೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಮುಂಡಗೋಡಿನಲ್ಲಿ ಟಿಬೆಟನ್. ಹತ್ತು ಮಾತಾದರೂ ಕಲಿಯಿರಿ. ಕೊಂಕಣಿಯಲ್ಲಿ “ಖಂಯ್ ದುಕ್ತಾ?” ಎಂದರೆ ಎಲ್ಲಿ ನೋವು ಎಂದು. ಅವರು ‘ಜೋರ್’ ಎಂದರೆ ಜ್ವರ, ನಮ್ಮ ಜೋರು ಅಲ್ಲ. ಸಣ್ಣ ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬೇಡಿ, ಮುಟ್ಟಿನ ವಿಷಯ, ಗರ್ಭದ ವಿಷಯ ಅವರ ಮೂಲಕ ಕೇಳಲಾಗದು.

“ಉಪ್ಪು ಕಮ್ಮಿ ಮಾಡಿ” ಎಂದಷ್ಟೇ ಹೇಳಿದರೆ ಬಿಪಿಯ ಅಜ್ಜಿ ಸಾರಿಗೆ ಉಪ್ಪು ಕಡಿಮೆ ಹಾಕಿ, ಗಂಜಿಗೆ ಎರಡು ಅಪ್ಪೆಮಿಡಿ ನೆಂಚಿಕೊಳ್ಳುತ್ತಾರೆ. ಕರಾವಳಿಯಲ್ಲಾದರೆ ಒಣಮೀನು. ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಂದು ಹೆಸರು ಹಿಡಿದೇ ಹೇಳಿ. ನಾಟಿ ಔಷಧ ತೆಗೆದುಕೊಂಡಿದ್ದರೆ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಏನು, ಎಷ್ಟು, ಯಾವಾಗ ಎಂದು ಕೇಳಿ ಬರೆದುಕೊಳ್ಳಿ.

10. ನಿಮ್ಮ ಮೈ ನೀವೇ ನೋಡಿಕೊಳ್ಳಿ

ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ಎಷ್ಟೋ ಚುಚ್ಚುಗಾಯ ಆಗುವುದು ಆಗ. ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ತಕ್ಷಣ ತಿಳಿಸಿ, ಬರೆಸಿ. ಎಚ್‌ಐವಿ ತಡೆಯುವ ಮಾತ್ರೆ, ಅದಕ್ಕೆ ಪಿಇಪಿ ಎನ್ನುತ್ತಾರೆ, ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಬಾರದು. 28 ದಿನ ಬಿಡದೆ ನುಂಗಬೇಕು. “ಯಾರಾದರೂ ಏನಾದರೂ ಅಂದ್ಕೋತಾರೆ” ಎಂದು ಬಾಯಿ ಮುಚ್ಚಿಕೊಂಡು ಮೂರು ದಿನ ಕಳೆದವರು ಆಮೇಲೆ ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ.

ನೈಟ್ ಡ್ಯೂಟಿಗೆ ಬರುವ ಮುಂಚೆ ಮಧ್ಯಾಹ್ನ ಎರಡು ತಾಸಾದರೂ ಮಲಗಿ. ಬೆಳಗಿನ ಜಾವ ಮೂರರಿಂದ ಐದು, ಕಣ್ಣು ಎಳೆಯುವ ಹೊತ್ತು. ಲೆಕ್ಕ ಹಾಕಿ ಕೊಡಬೇಕಾದ ಔಷಧಗಳನ್ನು ಆಗ ಜೊತೆಯವರಿಗೆ ತೋರಿಸಿಯೇ ಕೊಡಿ. ಬೆಳಿಗ್ಗೆ ಪಾಳಿ ಒಪ್ಪಿಸಿದ ಮೇಲೆ ನಿದ್ದೆಗಣ್ಣಿನಲ್ಲಿ ಸ್ಕೂಟಿ ಹತ್ತಿ ಘಟ್ಟ ಇಳಿಯಬೇಡಿ. ಕ್ಯಾಂಟೀನಿನಲ್ಲಿ ಬಿಸಿ ಚಾ ಕುಡಿದು, ಬಸ್ಸಿಗೇ ಮನೆಗೆ ಹೋಗಿ.